ಪಿಳ್ಳಮ್ಮನ ಮಗ ಹೆಬ್ಬಾತು ಸಾಕಿದ್ದು

ಬೆಟ್ಟದ ಬುಡದಲ್ಲಿ ಒಂದು ಊರು. ಮಾಗಿ ಬಂತೆಂದರೆ ಆ ಊರಲ್ಲಿ ಹಲ್ಲು ಕಟಕಟ ಅನ್ನದವರೇ ಇಲ್ಲ. ಅಲ್ಲಿ ಪಿಳ್ಳಮ್ಮ ಅಂತ ಒಬ್ಬಳು, ಅವಳಿಗೆ ಅಂಜಿನಿ ಅಂತ ಒಬ್ಬನೇ ಮಗ. ಆಳು ಬೆಳೆದು ತೊಲೆ ಮುಟ್ಟುತ್ತಿದ್ದ, ಬುದ್ಧಿ ಮಾತ್ರ ಇನ್ನೂ ಅಂಬೆಗಾಲಿಡುತ್ತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅದೇ ಅವಳ ತಲೆನೋವು.

ಚಳಿ ಶುರುವಾಗುವ ಹೊತ್ತಿಗೆ ಅವಳ ತಮ್ಮ ಪಾಪಯ್ಯ ಒಂದು ಜೋಡಿ ಹೆಬ್ಬಾತು ತಂದು ಅಂಗಳದಲ್ಲಿ ಬಿಟ್ಟ.

“ಅಕ್ಕ, ನನ್ನ ಮಗಳು ಅಲಮೇಲುನ ನಿನ್ನ ಮಗನಿಗೇ ಕೊಡ್ತೀನಿ. ಆದ್ರೆ ಚಳಿ ಕಳೆಯೋವರೆಗೂ ಇವನ್ನ ಅವನೇ ಸಾಕಬೇಕು. ಎರಡು ಹಕ್ಕಿ ಉಳಿಸಿಕೊಳ್ಳದವನು ನನ್ನ ಮಗಳನ್ನ ಏನು ನೋಡ್ಕೋತಾನೆ?”

ಪಿಳ್ಳಮ್ಮ ತಕ್ಷಣ ಒಪ್ಪಿಕೊಂಡಳು. ಇನ್ಯಾರು ಈ ಪೆದ್ದನಿಗೆ ಹೆಣ್ಣು ಕೊಟ್ಟಾರು? “ಮಗಾ, ಬಾಣಂತೀನ ನೋಡಿಕೊಂಡ ಹಾಗೆ ನೋಡ್ಕೋಬೇಕು ಕಣೋ!” ಅಂತ ಹೇಳಿ ಹೊಲಕ್ಕೆ ಹೋದಳು.

“ಆಗಲಮ್ಮ!” ಅಂದ ಅಂಜಿನಿ.

ಬಂದು ನೋಡುತ್ತಾಳೆ, ಮಗ ಹೆಬ್ಬಾತುಗಳಿಗೆ ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಉಜ್ಜಿ, ಹಂಡೆ ಬಿಸಿನೀರು ಸುರಿದು, ತಲೆಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಹಿಡಿದಿದ್ದಾನೆ! ಗಂಡು ಗಡಗಡ ನಡುಗುತ್ತಿದೆ, ಹೆಣ್ಣು ಸೀನುತ್ತಿದೆ.

“ಅಯ್ಯೋ ನನ್ನ ಹಣೆಬರಹವೇ! ಗರಿಯ ಜಿಡ್ಡೇ ಕಣೋ ಅವಕ್ಕೆ ಕಂಬಳಿ! ಅದನ್ನೇ ತೊಳೆದುಬಿಟ್ಯಲ್ಲೋ!”

“ಮತ್ತೇನು ಮಾಡಬೇಕಿತ್ತಮ್ಮ?”

“ಒದ್ದೆ ಕಂಡ ಕಡೆಯೆಲ್ಲ ಒಣಹುಲ್ಲು ತುಂಬಬೇಕಿತ್ತು!”

ಒಲೆ ಮುಂದೆ ಕೂರಿಸಿ, ತನ್ನ ಸೆರಗಿನಲ್ಲೇ ಒರೆಸಿ, ಹೇಗೋ ಉಳಿಸಿಕೊಂಡಳು.

ಮಾರನೆಯ ದಿನ ಅಂಜಿನಿ ಒದ್ದೆ ಹುಡುಕಿಕೊಂಡು ಹೊರಟ. ಬಾತು ಕುಡಿಯುವ ಬಾನಿ ಒದ್ದೆ! ತುಂಬು ಹುಲ್ಲು. ನೀರಿನ ಕೊಡ ಒದ್ದೆ! ತುಂಬು ಹುಲ್ಲು. ಸಾರಿನ ಮಡಕೆ? ಅದೂ ಒದ್ದೆ! ಹೆಬ್ಬಾತುಗಳು ಮೂಗಿಗೆ ಮಣ್ಣು ಮೆತ್ತಿಕೊಂಡು ಬಾಯಿ ಬಾಯಿ ಬಿಡುತ್ತಿದ್ದವು.

“ಲೋ ಪೆದ್ದಾ, ಅವು ಮೂಗು ತೊಳ್ಕೊಳ್ಳೋದು ಬೇಡ್ವೇನೋ? ನೀರು ಅಂದ್ರೆ ಮೂಗು ಮುಳುಗೋ ಹಾಗೆ ಕೊಡಬೇಕು!”

“ಆಗಲಮ್ಮ!”

ಸಂಜೆ ಪಕ್ಕದ ಮನೆಯ ಬ್ಯಾಟಪ್ಪಜ್ಜ ಬಂದ. “ಅಂಜಿನಿ, ಒಂದು ಗುಟುಕು ನೀರು ಕೊಡಪ್ಪ.”

ಅಂಜಿನಿ ಬಕೆಟ್ ತಂದ. ಅಜ್ಜನ ಕತ್ತು ಹಿಡಿದು ಅದುಮಿದ. “ಮೂಗು ಮುಳುಗ್ತಾ ಅಜ್ಜ?” ಅಜ್ಜ ಬುಳಬುಳ ಅಂದ. ಮುಳುಗಿದೆ ಅಂತಾಯಿತು.

ಪಿಳ್ಳಮ್ಮ ಓಡಿ ಬಂದು ಅಜ್ಜನನ್ನು ಬಿಡಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೆಬ್ಬಾತುಗಳು ಕೆರೆ ಕಡೆ ನಡೆದಿದ್ದವು, ಅಲ್ಲಿ ನರಿ ಕೂಗುತ್ತಿತ್ತು. ಎದ್ದೆನೋ ಬಿದ್ದೆನೋ ಅಂತ ಅಟ್ಟಿಕೊಂಡು ಬಂದಳು.

“ಹೊತ್ತು ಮುಳುಗಿದ ಮೇಲೆ ಅಂಗಳದಲ್ಲಿ ಒಂದೂ ಉಳೀಬಾರದು! ಬಾತಿನ ಗುಡಿಸಲಿಗೆ ಅಟ್ಟಿ ಚಿಲಕ ಹಾಕು!”

“ಕೋಳೀನೂ ಅಟ್ಟಲಾ ಅಮ್ಮ?”

“ಎರಡು ಕಾಲಿನದು ಯಾವುದಿದ್ರೂ ಅಟ್ಟು! ಎಷ್ಟು ಅರಚಿದ್ರೂ ಬಿಡಬೇಡ!”

ಇದನ್ನು ಮಾತ್ರ ಅಂಜಿನಿ ತಪ್ಪದೆ ಮಾಡಿದ. ಹೆಬ್ಬಾತುಗಳು ಮೈ ತುಂಬಿಕೊಂಡು ದುಂಡಗಾದವು. ಪಿಳ್ಳಮ್ಮ ಹೊಸ ಸೀರೆಯ ಕನಸು ಕಂಡಳು.

ಚಳಿ ಕಳೆಯಿತು. ಒಂದು ಸಂಜೆ ಪಾಪಯ್ಯ ಮಗಳ ಜೊತೆ ಬಂದೇಬಿಟ್ಟ. ಅಂಗಳದ ಎಮ್ಮೆ ಗಬ್ಬವಾಗಿತ್ತು, ಪಿಳ್ಳಮ್ಮ ಪಕ್ಕದ ಮನೆಗೆ ಹಾಲು ತರಲು ಹೋಗಿದ್ದಳು.

“ಎಲ್ಲೋ ನಿಮ್ಮಮ್ಮ?”

ಅಂಜಿನಿ ಆಕಾಶ ನೋಡಿದ. ಹೊತ್ತು ಮುಳುಗಿದೆ. ಮಾವನ ಕಾಲು ನೋಡಿದ. ಎರಡಿವೆ. ಕೋಲು ತಗೊಂಡ. “ಹುಶ್! ಹುಶ್!”

ಪಿಳ್ಳಮ್ಮ ಹಾಲು ಹಿಡಿದು ಬಂದರೆ ಗುಡಿಸಲೊಳಗೆ ಹೆಬ್ಬಾತಿಗಿಂತ ಜೋರಾಗಿ ಯಾರೋ ಅರಚುತ್ತಿದ್ದಾರೆ.

“ಒಳಗೆ ಯಾರೋ?”

“ಮಾವ, ಅಲಮೇಲು, ಬಾತು, ಕೋಳಿ. ಅರಚಿದ್ರು, ನಾನು ಬಿಡಲಿಲ್ಲ!”

“ಮನೆ ಹಾಳಾಯ್ತು!” ಪಿಳ್ಳಮ್ಮ ಓಡಿಹೋಗಿ ಚಿಲಕ ತೆಗೆದಳು.

“ಅಮ್ಮಾ, ನಿನಗೂ ಎರಡು! ಹುಶ್!” ಅಂತ ಅವಳನ್ನೂ ಒಳಗೆ ತಳ್ಳಿ ಚಿಲಕ ಹಾಕಿದ.

ಕತ್ತಲಲ್ಲಿ ಪಾಪಯ್ಯ ಗುಡುಗಿದ. “ಅಕ್ಕ, ಇವನಿಗೆ ನನ್ನ ಮಗಳಾ?”

ಅಲಮೇಲು ಮಡಿಲಲ್ಲಿ ಹೆಬ್ಬಾತು ಇಟ್ಟುಕೊಂಡು ಕಿಸಕ್ಕೆಂದಳು. “ಎರಡೂ ಬದುಕಿವೆ ಅಪ್ಪ. ನೀನು ಕೊಟ್ಟ ಮಾತು?”

ಪಾಪಯ್ಯ ಹೆಬ್ಬಾತಿನ ಎದೆ ಅದುಮಿ ನೋಡಿದ. ಮೂಳೆಯೇ ಸಿಗಲಿಲ್ಲ. ಉಸಿರು ಬಿಟ್ಟು, “ಆಗಲಿ, ಕೊಟ್ಟೆ! ಬಾಗಿಲು ತೆಗೆಯೋ ಅಳಿಯಾ!” ಅಂದ.

ಹೊರಗೆ ಅಂಜಿನಿ ತನ್ನ ಕಾಲು ನೋಡಿಕೊಳ್ಳುತ್ತಿದ್ದ. ಅರೆ! ಇಲ್ಲೂ ಎರಡು!

ಚಿಲಕ ಸರಿಯಿತು. “ಸದ್ಯ!” ಅಂದರು ಎಲ್ಲರೂ. ಅಂಜಿನಿ ಒಳಗೆ ಬಂದ, ಬಾಗಿಲಿಗೆ ಅಡ್ಡ ನಿಂತ, ಸಂದಿಯಿಂದ ಕತ್ತು ಹಾಕಿ ಅಂಗಳದ ಎಮ್ಮೆಗೆ ಕೂಗಿ ಹೇಳಿದ:

“ನಾಲ್ಕು ಕಾಲಿನವಳು ನೀನೊಬ್ಬಳೇ ಹೊರಗೆ! ಚಿಲಕ ಹಾಕೇ! ಇವರು ಎಷ್ಟು ಅರಚಿದ್ರೂ ತೆಗೀಬೇಡ!”