ಒಂದೇ ಕಾಲುವೆಯವರು

“ಒಂದು ಶಬ್ದ ತನ್ನ ಅರ್ಥಕ್ಕೇ ಬೆನ್ನು ತಿರುಗಿಸುವುದು ಹೇಗೆ, ಫಾದರ್?”

ಕೇಳಿದವನು ಲಿಗೋರಿ. ಕರಾವಳಿಯ ಒಂದು ಸೆಮಿನರಿಯಲ್ಲಿ ಪಾದ್ರಿಯಾಗಲು ಓದುತ್ತಿದ್ದವನು. ಫಾದರ್ ತಾವ್ರೊ ಅಲ್ಲಿ ಮೂವತ್ತು ವರ್ಷಗಳಿಂದ ಲ್ಯಾಟಿನ್ ಕಲಿಸುತ್ತಿದ್ದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾವ ಶಬ್ದ?”

“ರಿವಾಲಿಸ್. ‘ರಿವುಸ್’ ಎಂದರೆ ಕಾಲುವೆ. ಒಂದೇ ಕಾಲುವೆಯ ನೀರು ಹಂಚಿಕೊಳ್ಳುವವನು ರಿವಾಲಿಸ್. ಆದರೆ ಇಟಲಿಯವರ ರಿವಾಲೆ, ಫ್ರೆಂಚರ ಮತ್ತು ಸ್ಪೇನಿನವರ ರಿವಾಲ್, ಇಂಗ್ಲಿಷಿನ ರೈವಲ್, ಎಲ್ಲ ಕಡೆಯೂ ಎದುರಾಳಿ ಎಂದೇ ಅರ್ಥ. ನೀರು ಎಲ್ಲಿ ಹೋಯಿತು? ಇಂಗ್ಲಿಷಿನ ರಿವರ್ ಎಂಬುದರಲ್ಲಿ ಮಾತ್ರ ಉಳಿದ ಹಾಗಿದೆ.”

“ರಿವರ್ ಈ ಮನೆಯದಲ್ಲ. ಅದು ದಡ ಎಂಬ ಅರ್ಥದ ‘ರೀಪಾ’ದ ಕಡೆಯದು. ಮುಖ ನೋಡಿ ನಂಟು ಹೇಳಬೇಡ.”

ಲಿಗೋರಿ ತಲೆ ತಗ್ಗಿಸಿದ. ಆ ಶಬ್ದ ಅವನ ಕಣ್ಣಿಗೆ ಬಿದ್ದದ್ದು ಹಿಂದಿನ ದಿನ. ಆಮೇಲೆ ಓದು ಮುಂದೆ ಸಾಗಿರಲಿಲ್ಲ. ವಿದ್ಯೆಯ ಪ್ರಶ್ನೆಯಾಗಿ ಕೇಳಿದರೆ ಯಾರಿಗೂ ಏನೂ ತಿಳಿಯದು ಎಂದುಕೊಂಡು ಬಂದಿದ್ದ.

ಸೆಮಿನರಿಯಲ್ಲಿ ದೊಡ್ಡ ಲ್ಯಾಟಿನ್ ನಿಘಂಟು ಇದ್ದದ್ದು ಒಂದೇ. ಲಿಗೋರಿಯೂ ಅವನ ಜೊತೆಗಾರ ಸಿಲ್ವೆಸ್ತರನೂ ಎರಡು ವರ್ಷ ಅದನ್ನು ನಡುವೆ ಇಟ್ಟುಕೊಂಡು ಓದಿದ್ದರು. ಲಿಗೋರಿ ಶಬ್ದ ಹುಡುಕುತ್ತಿದ್ದ, ಸಿಲ್ವೆಸ್ತರ್ ವಾಕ್ಯ ಬಿಡಿಸುತ್ತಿದ್ದ. ಈ ವರ್ಷ ರೋಮಿಗೆ ಹೋಗಿ ಓದುವ ಅವಕಾಶ ಒಬ್ಬನಿಗೆ ಮಾತ್ರ ಎಂದು ಗೊತ್ತಾಯಿತು. ಪರೀಕ್ಷೆ ಸೋಮವಾರ. ಗುರುವಾರ ನಿಘಂಟು ಲೈಬ್ರರಿಯ ಕಪಾಟಿನಿಂದ ಲಿಗೋರಿಯ ಟ್ರಂಕಿಗೆ ಬಂತು. ಮೇಲೆ ಒಂದು ಕಂಬಳಿ ಹೊದ್ದುಕೊಂಡಿತು.

ಈ ದಿನ, ಶನಿವಾರ ಬೆಳಿಗ್ಗೆ, ಗಂಜಿಗೆ ಕುಳಿತಾಗ ಸಿಲ್ವೆಸ್ತರ್ ಕೇಳಿದ್ದ: “ಆ ನಿಘಂಟಿಗೆ ಕಾಲು ಬಂದಿದೆಯಾ ಮಾರಾಯ? ಪರೀಕ್ಷೆಗೆ ಹೆದರಿ ಅದೂ ಓಡಿತೋ ಏನೋ!”

ಲಿಗೋರಿ ನಕ್ಕಿದ್ದ. ನಗು ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತು ಉಳಿದಿತ್ತು.

“ಶಬ್ದ ರೋಮನರದು, ಕತೆ ನನ್ನದು,” ಎಂದು ಫಾದರ್ ಹೇಳತೊಡಗಿದರು.

ಒಂದು ಕಾಲುವೆ ಇತ್ತು. ಅದರ ಮೇಲ್ಗಡೆ ಒಬ್ಬ ರೈತ, ಕೆಳಗಡೆ ಒಬ್ಬ ರೈತ. ಇಬ್ಬರದೂ ದ್ರಾಕ್ಷಿ ತೋಟ. ನೀರು ಒಂದು ದಿನ ಮೇಲಿನವನಿಗೆ, ಒಂದು ದಿನ ಕೆಳಗಿನವನಿಗೆ. ಸರದಿ ಮುಗಿದಾಗ ಮೇಲಿನವನು ಅಡ್ಡ ಇಟ್ಟ ಕಲ್ಲನ್ನೆತ್ತಿ “ಬಿಟ್ಟೆ” ಎಂದು ಕೂಗುತ್ತಿದ್ದ. ನೀರು ಮುಟ್ಟಿದಾಗ ಕೆಳಗಿನವನು “ಬಂತು” ಎಂದು ಕೂಗುತ್ತಿದ್ದ. ಅವರ ಅಪ್ಪಂದಿರೂ ಹಾಗೆಯೇ ಕೂಗುತ್ತಿದ್ದರು.

ಒಂದು ವರ್ಷ ಪಟ್ಟಣದಿಂದ ಒಬ್ಬ ವರ್ತಕ ಬಂದ. ಈ ಊರಿನಲ್ಲಿ ಒಬ್ಬನಿಂದ ಮಾತ್ರ ಹಣ್ಣು ಕೊಳ್ಳುತ್ತೇನೆ, ಯಾರ ಬೆಳೆ ಮೇಲೋ ಅವನಿಂದ, ಎಂದು ಹೇಳಿ ಹೋದ. ಮರುದಿನ ಮೇಲಿನವನು ಕಲ್ಲನ್ನು ಎತ್ತಲಿಲ್ಲ.

ಕೆಳಗಿನವನು ಹತ್ತಿ ಬಂದ. “ಏನಯ್ಯಾ, ನಿನ್ನೆಯೂ ನಿನ್ನದು, ಇವತ್ತೂ ನಿನ್ನದೇ?”

“ಕಲ್ಲು ಕಚ್ಚಿಕೊಂಡಿದೆ, ಏಳುತ್ತಿಲ್ಲ.”

“ಹಾಗೋ? ಸರಿ, ನಾನೂ ಒಂದು ಕೈ ಹಾಕುತ್ತೇನೆ, ಬಾ.”

“ಬೇಡ ಬೇಡ. ನಾಳೆ ನೋಡೋಣ.”

ಕೆಳಗಿನವನು ಒಂದು ಕ್ಷಣ ಅವನ ಮುಖ ನೋಡಿದ. ಇಳಿದು ಹೋದ. ಆದರೂ ಎರಡು ದಿನ ಕಾದ. ಮೂರನೆಯ ದಿನ ಸಂಜೆ, ಬಾರದ ನೀರಿಗೆ ಹಾದಿ ಯಾಕೆ ಎಂದು, ತನ್ನ ಗಡಿಯಲ್ಲಿ ಕಾಲುವೆಗೆ ಮಣ್ಣು ತುಂಬಿ ಮೆಟ್ಟಿದ.

ಐದನೆಯ ದಿನ ಮೇಲಿನ ತೋಟದಲ್ಲಿ ನೀರು ಪಾದ ಮುಳುಗುವಷ್ಟು ನಿಂತಿತು. ದ್ರಾಕ್ಷಿಯ ಬೇರು ಬಾಯಾರಿಕೆಯನ್ನು ತಾಳುತ್ತದೆ, ನಿಂತ ನೀರನ್ನು ತಾಳದು. ಮೇಲಿನವನು ಓಡಿ ಹೋಗಿ ಕಲ್ಲನ್ನು ಎತ್ತಿದ. ಕಚ್ಚಿಕೊಂಡಿದ್ದ ಕಲ್ಲು ಒಂದೇ ಕೈಗೆ ಬಂತು. “ಬಿಟ್ಟೆ!” ಎಂದು ಕೂಗಿದ. ನೀರು ಹೋಗಲಿಲ್ಲ. “ಬಂತು” ಎಂಬ ಮಾತೂ ಬರಲಿಲ್ಲ.

ಮೇಲಿನ ತೋಟ ಕೊಳೆಯಿತು, ಕೆಳಗಿನದು ಒಣಗಿತು. ವರ್ತಕ ಮುಂದಿನ ಊರಿಗೆ ಹೋದ.

ಇಬ್ಬರೂ ನ್ಯಾಯ ಕೇಳಲು ಪಟ್ಟಣಕ್ಕೆ ಹೋದರು. ಗುಮಾಸ್ತ ಇವರು ಯಾರು ಎಂಬಲ್ಲಿ ‘ರಿವಾಲೆಸ್’ ಎಂದು ಬರೆದುಕೊಂಡ. ಒಂದೇ ಕಾಲುವೆಯವರು. ಅವನು ಸರಿಯಾಗಿಯೇ ಬರೆದ. ನ್ಯಾಯಾಲಯದ ಅಂಗಳದಲ್ಲಿ ನಾಲ್ಕು ದೇಶದ ಜನ ನಿಂತಿದ್ದರು. ಅವರು ಕಾಲುವೆಯನ್ನು ಕಂಡವರಲ್ಲ. ಕಂಡದ್ದು ಒಬ್ಬರನ್ನೊಬ್ಬರು ಬೈಯುವ ಇಬ್ಬರನ್ನು. ಇಂಥವರನ್ನು ಹೀಗೆ ಕರೆಯುತ್ತಾರೆ ಎಂದುಕೊಂಡು ಶಬ್ದವನ್ನು ತಮ್ಮ ತಮ್ಮ ಊರಿಗೆ ಒಯ್ದರು. ಕಾಲುವೆಯನ್ನು ಒಯ್ಯಲು ಬರುವುದಿಲ್ಲ.

ಫಾದರ್ ಕತೆ ನಿಲ್ಲಿಸಿ ಕನ್ನಡಕದ ಗಾಜು ಒರೆಸಿದರು.

“ಅವರನ್ನು ಕಂಡು ನಾವು ನಗುವಂಥದ್ದೇನಿಲ್ಲ. ನಮ್ಮಲ್ಲೂ ಪಾಲು ಹಂಚಿಕೊಳ್ಳುವವನೇ ದಾಯಾದಿ. ಈಗ ಆ ಮಾತು ಕೇಳಿದರೆ ಯಾರಿಗೆ ಪಾಲು ನೆನಪಾಗುತ್ತದೆ?”

ಲಿಗೋರಿಗೆ ಸ್ವಲ್ಪ ಉಸಿರು ಬಂದ ಹಾಗಾಯಿತು. ಮಾತು ಪುನಃ ವಿದ್ಯೆಯ ದಾರಿ ಹಿಡಿದಿತ್ತು.

“ಹಾಗಾದರೆ ಅರ್ಥ ಕೆಡಿಸಿದವರು ಅಂಗಳದಲ್ಲಿದ್ದ ಜನ,” ಎಂದ.

“ಅವರು ಬಂದದ್ದು ಕೊನೆಗೆ. ಅರ್ಥ ಕೆಟ್ಟದ್ದು ಕಲ್ಲಿನ ಹತ್ತಿರ.”

ಲಿಗೋರಿ ಎದ್ದ. ಬಾಗಿಲ ತನಕ ಹೋದ. ಅಲ್ಲಿ ನಿಂತು, ತಿರುಗದೆಯೇ ಕೇಳಿದ:

“ಮೇಲಿನವನು ಯಾವಾಗ ಕಲ್ಲು ಎತ್ತಿದ್ದರೆ ತೋಟ ಉಳಿಯುತ್ತಿತ್ತು, ಫಾದರ್?”

“ಮೂರನೆಯ ದಿನ ಎತ್ತಿದ್ದರೂ ಸಾಕಿತ್ತು,” ಎಂದರು ಫಾದರ್ ತಾವ್ರೊ, “ಕಪಾಟಿನಲ್ಲಿ ನಿಘಂಟು ಇಲ್ಲದೆ ಇವತ್ತಿಗೆ ಮೂರನೆಯ ದಿನ.”