ಒಡೆಯನ ಮಾತೂ ಕೇಳದ ಕಡತ

"ಗುರುಗಳೇ, ಸರ್ವರ್ ನನ್ನ ಸುಪರ್ದಿನಲ್ಲಿದೆ. ಅದರ ಒಡೆತನದ ಖಾತೆಯಲ್ಲೇ ಕುಳಿತು ಕೆಲಸ ಮಾಡುತ್ತೇನೆ. ಆದರೂ ಒಂದು ಕಡತ ತಿದ್ದಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಒಡತಿಯನ್ನೇ ನಂಬದ ಈ ಬೀಗ ಯಾರಿಗೋಸ್ಕರ?"

ಹೀಗೆ ಕೇಳಿದವಳು ನೀಲಾಂಬಿಕೆ. ಕೇಳಿಸಿಕೊಂಡವರು ಕೊಟ್ರಯ್ಯನವರು. ಇಪ್ಪತ್ತೆಂಟು ವರ್ಷ ಸರ್ವರ್‌ಗಳನ್ನು ನೋಡಿಕೊಂಡಿದ್ದ ಅವರು ಈಗ ಊರಿನ ಗ್ರಂಥಾಲಯದ ಮಗ್ಗುಲ ಕೋಣೆಯಲ್ಲಿ ಆರೇಳು ಮಂದಿಗೆ ಅದೇ ವಿದ್ಯೆ ಕಲಿಸುತ್ತಿದ್ದರು. ಒಂದೊಂದು ಸಲ ಬೈಯುತ್ತಿದ್ದರು, ಒಂದೊಂದು ಸಲ ಕತೆ ಹೇಳುತ್ತಿದ್ದರು. ಅವತ್ತು ಎರಡನ್ನೂ ಮಾಡಿದರು.

"ನಾಲ್ಕು ಸಲ ಬೇಡ ಎಂದರೆ ನಿನಗೆ ಸಿಟ್ಟು ಬರುತ್ತದೆ. ಏಕೆ ಬೇಡ ಎನ್ನುತ್ತಿದೆ ಎಂದು ಒಂದು ಸಲವಾದರೂ ಯೋಚಿಸಿದೆಯಾ? ಕೂತುಕೋ" ಎಂದು ಶುರುಮಾಡಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಂದು ರಕ್ತನಿಧಿ ಇತ್ತು. ಯಾರ ರಕ್ತ ಯಾವ ಗುಂಪಿನದು, ಅವರ ಮನೆ ಎಲ್ಲಿ, ಫೋನ್ ನಂಬರ್ ಯಾವುದು, ಎಲ್ಲವೂ ಅದರ ಸರ್ವರ್‌ನಲ್ಲಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಕೆಲಸಗಾರ ಹೊಸದಾಗಿ ಬಂದ. ಬುದ್ಧಿವಂತ. ಕೈ ಚುರುಕು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ರಕ್ತ ಕೊಟ್ಟವರಿಗೆ ಸನ್ಮಾನ ಮಾಡಿದ ಫೋಟೋಗಳನ್ನು ಜನರೆಲ್ಲ ನೋಡಬೇಕು, ಅದಕ್ಕೊಂದು ತಂತ್ರಾಂಶ ಹಾಕು ಎಂದು ಮೇಲಿನವರು ಹೇಳಿದರು. ಅವನು ಹಾಕಲು ಕುಳಿತ. ತಂತ್ರಾಂಶದ ಜೊತೆ ಬಂದ ಸೂಚನೆ ಸ್ಪಷ್ಟವಾಗಿಯೇ ಇತ್ತು. ಸರ್ವರ್‌ನ ಸೆಟ್ಟಿಂಗ್ಸ್ ಕಡತಕ್ಕೆ ಬೀಗವಿರುತ್ತದೆ. ಮೊದಲು ಅದರದೊಂದು ನಕಲು ಇಟ್ಟುಕೊಳ್ಳಿ. ಆ ಒಂದು ಕಡತದ ಬೀಗ ಮಾತ್ರ ತೆಗೆಯಿರಿ. ಎರಡು ಸಾಲು ಸೇರಿಸಿ. ಮತ್ತೆ ಬೀಗ ಹಾಕಿ, ಆಮೇಲೆ ಮುಂದುವರಿಯಿರಿ. ಅವನು ಅದನ್ನು ನೀನು ಓದುವ ಹಾಗೆಯೇ ಓದಿದ. ಎರಡು ಸಾಲು ಎಂಬುದು ಕಣ್ಣಿಗೆ ಬಿತ್ತು, ಉಳಿದದ್ದು ಬೀಳಲಿಲ್ಲ.

ಎರಡು ಸಾಲು ಸೇರಿಸಿ ಉಳಿಸಲು ಹೋದ. ಅನುಮತಿ ಇಲ್ಲ ಎಂದಿತು. ಇನ್ನೊಮ್ಮೆ ಹೋದ. ಇಲ್ಲ ಎಂದಿತು. ಮೂರನೆಯ ಸಲಕ್ಕೆ ತಲೆ ಕೆಟ್ಟುಹೋಯಿತು. ನಿನ್ನಪ್ಪನ ಮನೆಯ ಗಂಟೇನು ಹೋಗುತ್ತದೆ ಎಂದು ಯಂತ್ರಕ್ಕೇ ಬೈದ. ಒಂದು ಕಡತದ ಬೀಗ ತೆಗೆಯುವ ಬದಲು, ಯಾರು ಏನು ಬೇಕಾದರೂ ಬರೆಯಬಹುದು ಎಂದು ಇಡೀ ಫೋಲ್ಡರನ್ನೇ ತೆರೆದುಬಿಟ್ಟ. ಎಲ್ಲ ಬೀಗಗಳೂ ಬಿಚ್ಚಿಕೊಂಡವು. ಒಂದು ಮಾತ್ರ ಬಿಚ್ಚಲಿಲ್ಲ. ಅದೊಂದು ಹಳೆಯ ಕಡತ. ನೀನು ಒಡೆಯನಾದರೂ ಆಗುವುದಿಲ್ಲ ಎಂದಿತು. ಅಳಿಸಿಬಿಡೋಣ ಎಂದು ನೋಡಿದ. ಅದೂ ಆಗಲಿಲ್ಲ. ಬಿದ್ದಿರು ಅಲ್ಲೇ ಎಂದು ಬಿಟ್ಟ.

ಹೊಸ ತಂತ್ರಾಂಶ ಒಳಗೆ ಬಂತು. ಫೋಲ್ಡರ್ ತೆರೆದಿತ್ತು. ಅಲ್ಲಿ ಮೊದಲು ಯಾರ ಸಂಸಾರ ನಡೆಯುತ್ತಿತ್ತು ಎಂದು ಅದಕ್ಕೇನು ಗೊತ್ತು? ಬರೆಯಬಹುದು ಎಂದಿತ್ತು, ಬರೆಯಿತು. ಹಳೆಯ ಸೆಟ್ಟಿಂಗ್ಸ್ ಕಡತದ ಮೇಲೆಯೇ ತನ್ನದನ್ನು ಬರೆದು, ಕೆಲಸ ಮುಗಿಯಿತು, ಅಭಿನಂದನೆಗಳು ಎಂದು ತೋರಿಸಿತು. ಫೋಟೋಗಳು ಚೆನ್ನಾಗಿ ಕಂಡವು. ಅವನು ಖುಷಿಯಾಗಿ ಊಟಕ್ಕೆ ಹೋದ.

ಎರಡನೆಯ ತುತ್ತು ಕೈಯಲ್ಲಿರುವಾಗ ರಕ್ತನಿಧಿಯ ನರ್ಸಮ್ಮನ ಫೋನ್ ಬಂತು.

"ಅಣ್ಣಾ, ದಾನಿಗಳ ಪಟ್ಟಿ ಬರುತ್ತಿಲ್ಲ. ಬರೀ ಬಿಳಿ ಪರದೆ. ಇಲ್ಲಿ ಮಗು ಕಾಯುತ್ತಿದೆ."

ಆ ಮಗುವಿಗೆ ನಾಲ್ಕು ವರ್ಷ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುವುದಿಲ್ಲ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಅದರ ಗುಂಪೋ ಬಲು ಅಪರೂಪದ್ದು, ಇಡೀ ಜಿಲ್ಲೆಯಲ್ಲಿ ಆ ಗುಂಪಿನವರು ಐದು ಜನ. ಆ ಐವರ ನಂಬರ್ ಇದ್ದದ್ದು ಆ ಪಟ್ಟಿಯಲ್ಲಿ ಮಾತ್ರ. ಈ ಸಲ ಏರಿಸುವುದು ಆಗಲೇ ನಾಲ್ಕು ದಿನ ತಡವಾಗಿತ್ತು. ಮಗು ತಾಯಿಯ ಹೆಗಲ ಮೇಲೆ ಸೋತು ಮಲಗಿತ್ತು.

ಅವನು ಕೈ ತೊಳೆದವನೇ ಓಡಿಬಂದ. ಪಟ್ಟಿ ಸರ್ವರ್‌ನಲ್ಲೇ ಇತ್ತು. ಆದರೆ ಅದು ಎಲ್ಲಿದೆ, ಅದನ್ನು ತೆರೆಯುವ ಪಾಸ್‌ವರ್ಡ್ ಏನು ಎಂಬುದು ಹಳೆಯ ಸೆಟ್ಟಿಂಗ್ಸ್ ಕಡತದಲ್ಲಿತ್ತು. ಆ ಕಡತ ಈಗ ಇರಲಿಲ್ಲ. ನಕಲು ಇಟ್ಟುಕೊಂಡಿರಲಿಲ್ಲ. ಎರಡು ಸಾಲಿಗೆ ಯಾರು ನಕಲು ಇಡುತ್ತಾರೆ? ಮೇಲಿನವರನ್ನು ಕೇಳಿದ, ಅವರಿಗೂ ಗೊತ್ತಿರಲಿಲ್ಲ. ತೋಚಿದ ಹತ್ತಾರು ಪಾಸ್‌ವರ್ಡ್ ಹಾಕಿ ನೋಡಿದ. ಯಾವುದೂ ಸರಿಹೋಗಲಿಲ್ಲ. ಅಷ್ಟರಲ್ಲಿ ನರ್ಸಮ್ಮ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಅವಳು ಏನಾದರೂ ಕೇಳಿದ್ದರೆ ಅವನು ಅತ್ತೇಬಿಡುತ್ತಿದ್ದ.

ಇನ್ನು ದಾರಿಯಿಲ್ಲ ಎಂದು ಫೋಲ್ಡರಿನಲ್ಲಿ ಉಳಿದದ್ದನ್ನೆಲ್ಲ ಒಂದೊಂದಾಗಿ ತೆಗೆದು ನೋಡತೊಡಗಿದ. ಆಗ ಬೆಳಿಗ್ಗೆ ಬೈಸಿಕೊಂಡ ಕಡತ ಸಿಕ್ಕಿತು. ತಿದ್ದಲು ಬಿಡದ ಕಡತ ಓದಲು ಬಿಟ್ಟಿತು. ಮೊದಲ ಸಾಲಿನಲ್ಲಿ ಹೀಗಿತ್ತು: ಇದು ಸೆಟ್ಟಿಂಗ್ಸ್ ಕಡತದ ನಕಲು. ಇದನ್ನು ತಿದ್ದಬೇಡಿ. ಕಷ್ಟ ಬಂದಾಗ ಇಲ್ಲಿಂದ ಇನ್ನೊಂದು ನಕಲು ಮಾಡಿಕೊಳ್ಳಿ. ಕೆಳಗೆ ಹೆಸರು, ಸರೋಜಾಬಾಯಿ. ಹೆಸರಿನ ಕೆಳಗೆ ಅವನಿಗೆ ಬೇಕಾದದ್ದೆಲ್ಲ ಇತ್ತು.

ಹೇಳಿದ ಹಾಗೆಯೇ ಮಾಡಿದ. ಒಂದು ನಕಲು ತೆಗೆದು ಮೊದಲಿನ ಜಾಗದಲ್ಲಿಟ್ಟ. ತೆರೆದ ಬೀಗಗಳನ್ನೆಲ್ಲ ಹಾಕಿದ. ಪಟ್ಟಿ ಬಂತು. ನರ್ಸಮ್ಮ ಐವರಲ್ಲಿ ಮೊದಲನೆಯವರಿಗೆ ಫೋನ್ ಮಾಡಿದಳು, ಅವರು ಪರವೂರಿಗೆ ಹೋಗಿದ್ದರು. ಎರಡನೆಯವರಿಗೆ ಜ್ವರ. ಮೂರನೆಯವನೊಬ್ಬ ಗ್ಯಾರೇಜಿನ ಮೇಸ್ತ್ರಿ. ಕೈಗೆ ಮೆತ್ತಿದ ಗ್ರೀಸನ್ನೂ ಸರಿಯಾಗಿ ಒರೆಸಿಕೊಳ್ಳದೆ ಅರ್ಧ ಗಂಟೆಯಲ್ಲಿ ಬಂದ. ಸಂಜೆಯ ಹೊತ್ತಿಗೆ ಮಗು ಕಣ್ಣು ಬಿಟ್ಟು ನೀರು ಕೇಳಿತು.

ಕೆಲಸಗಾರನಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ವಾರ್ಡಿನ ಬಾಗಿಲಿನಲ್ಲಿ ನಿಂತಿದ್ದ. ಪಟ್ಟಿ ಸರಿಮಾಡಿದವರು ಇವರೇ ಎಂದು ನರ್ಸಮ್ಮ ತೋರಿಸಿದಳು. ಮಗುವಿನ ತಾಯಿ ಎದ್ದು ಬಂದು ಅವನಿಗೆ ಕೈಮುಗಿದಳು. ನಿಮ್ಮ ಹೊಟ್ಟೆ ತಣ್ಣಗಿರಲಿ ಅಣ್ಣಾ ಎಂದಳು. ಅವನಿಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ಕೆಡಿಸಿದವನು ನಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ. ಆದರೆ ಆ ನಮಸ್ಕಾರವನ್ನು ತಾನೇ ಇಟ್ಟುಕೊಳ್ಳಲೂ ಅವನಿಂದ ಆಗಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವನು.

ಮಾರನೆಯ ದಿನ ವಿಳಾಸ ಹುಡುಕಿಕೊಂಡು ಸರೋಜಾಬಾಯಿಯ ಮನೆಗೆ ಹೋದ. ಹಿಂದೆ ಆ ಸರ್ವರ್ ನೋಡಿಕೊಂಡಿದ್ದವಳು, ಈಗ ನಿವೃತ್ತಳು. ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಕಾಲು ಮುಟ್ಟಿದ.

"ಅಮ್ಮಾ, ನಿನ್ನೆ ಒಬ್ಬ ತಾಯಿ ನನಗೆ ಕೈಮುಗಿದಳು. ಅದು ನಿಮಗೆ ಸೇರಬೇಕಾದದ್ದು. ತಲುಪಿಸಲು ಬಂದೆ. ನನ್ನಂಥ ಅವಸರದವನು ಬರುತ್ತಾನೆ ಎಂದು ನಿಮಗೆ ಅಷ್ಟು ಮೊದಲೇ ಹೇಗೆ ಗೊತ್ತಾಯಿತು?"

"ನೀನು ಬರುತ್ತೀಯ ಎಂದು ನನಗೇನು ಕನಸು ಬಿದ್ದಿತ್ತಪ್ಪಾ? ಒಂದು ದಿನ ಜ್ವರದ ಮಂಪರಿನಲ್ಲಿ ನಾನೇ ಆ ಕಡತ ಅಳಿಸಿಬಿಟ್ಟಿದ್ದೆ. ನನಗಿಂತ ಮೊದಲಿದ್ದವರು ಒಂದು ಕಾಗದದಲ್ಲಿ ಎಲ್ಲ ಬರೆದಿಟ್ಟಿದ್ದರು, ಅದರಿಂದ ಉಳಿದೆ. ಅವರಿಗೆ ಕೈಮುಗಿಯಲು ಹೋದೆ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಬಂದು ಆ ನಕಲು ಮಾಡಿ, ನನ್ನ ಕೈಗೂ ಸಿಗದ ಹಾಗೆ ಬೀಗ ಹಾಕಿದೆ. ಅವರಿಗೆ ಮುಟ್ಟಿಸಲಾಗದ್ದನ್ನು ಅಲ್ಲಿಟ್ಟೆ, ಅಷ್ಟೇ" ಎಂದಳು ಸರೋಜಾಬಾಯಿ.

ಆಮೇಲೆ ಅವನನ್ನು ಕೂರಿಸಿ ಊಟಕ್ಕಿಟ್ಟಳು. ಹಿಂದಿನ ದಿನ ಬಿಟ್ಟುಬಂದ ಊಟವನ್ನು ಅವನು ಅಲ್ಲಿ ಮಾಡಿದ. ಅಂಥ ರುಚಿ ಮತ್ತೆ ಸಿಗಲಿಲ್ಲ ಎಂದು ಈಗಲೂ ಹೇಳುತ್ತಾನೆ. ಬೀಗ ತೆಗೆಯಬೇಕಾದಾಗ ಈಗಲೂ ತೆಗೆಯುತ್ತಾನೆ. ಒಂದನ್ನೇ ತೆಗೆಯುತ್ತಾನೆ, ನಕಲು ಇಟ್ಟು ತೆಗೆಯುತ್ತಾನೆ, ಕೆಲಸ ಮುಗಿದ ಕೂಡಲೇ ಹಾಕುತ್ತಾನೆ. ಅನುಮತಿ ಇಲ್ಲ ಎಂದು ಬಂದರೆ ಬೈಯುವುದಿಲ್ಲ. ಯಾರೋ ಪುಣ್ಯಾತ್ಮರು ನಮಗಿಂತ ಮೊದಲು ಇಲ್ಲಿ ಕಷ್ಟಪಟ್ಟಿದ್ದಾರೆ ಎಂದುಕೊಂಡು, ಏಕೆ ಬೇಡ ಎನ್ನುತ್ತಿದೆ ಎಂದು ಮೊದಲು ನೋಡುತ್ತಾನೆ.

ಕೊಟ್ರಯ್ಯನವರು ಕತೆ ನಿಲ್ಲಿಸಿದರು. ನೀಲಾಂಬಿಕೆ ಕಣ್ಣು ಒರೆಸಿಕೊಂಡಳು.

"ಆ ಸರೋಜಮ್ಮನಿಗೆ ನನ್ನದೂ ಒಂದು ನಮಸ್ಕಾರ, ಗುರುಗಳೇ. ಆದರೆ ಅದು ರಕ್ತನಿಧಿಯ ಸರ್ವರ್. ನನ್ನದು ಸಣ್ಣದು. ಯಾರದೋ ನಾಲ್ಕಾರು ಜಾಲತಾಣ ಇವೆ, ಅಂಥದ್ದೇನೂ ಅದರಲ್ಲಿಲ್ಲ."

"ಅವುಗಳ ಆಚೆ ತುದಿಯಲ್ಲಿ ಯಾರು ಕಾದು ಕುಳಿತಿದ್ದಾರೆ ಎಂದು ಕೇಳಿದ್ದೀಯಾ, ತಾಯಿ?"