ಕೊನೆಯ ರೀಲಿನ ಋಣ

“ಬುದ್ಧಿ, ದೀಕ್ಷೆಯಾದ ಮೇಲೆ ಹಳೆಯ ಹೆಸರಿಗೆ ಓಗೊಡಬಹುದೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಸೊಪ್ಪು ಬಿಡಿಸುತ್ತಿದ್ದರು. ಈಗೇಕೆ ಈ ಪ್ರಶ್ನೆ ಎಂದು ತಲೆಯೆತ್ತದೆ ಕೇಳಿದರು. ಶಿಷ್ಯ ಹೇಳಿದ. ಅವನಿಗೆ ವಿಮಲಬೋಧ ಎಂದು ಹೆಸರಿಟ್ಟು ಎರಡು ತಿಂಗಳಾಗಿತ್ತು. ಆ ಬೆಳಿಗ್ಗೆ ಅವನ ತಾಯಿ ಊರಿನಿಂದ ಬಂದು, ಮಠದ ಬಾಗಿಲಲ್ಲಿ ನಿಂತು, ‘ಕೆಂಚಾ’ ಎಂದು ಕೂಗಿದಳು. ಮೂರು ಸಲ ಕೂಗಿದಳು. ಅಂಗಳ ಗುಡಿಸುತ್ತಿದ್ದ ಅವನು ಗುಡಿಸುತ್ತಲೇ ಇದ್ದ. ಗುರುಗಳು ಇಟ್ಟ ಹೆಸರಿರುವಾಗ ಬೇರೆ ಹೆಸರಿಗೆ ತಿರುಗಿ ನೋಡಿದರೆ ದೀಕ್ಷೆಗೆ ಅಪಚಾರವಲ್ಲವೇ ಎಂಬುದು ಅವನ ವಾದ. ಹಾಗೆ ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ಇನ್ನೊಂದು ಕಟ್ಟು ಸೊಪ್ಪನ್ನು ಅವನ ಮುಂದೆ ತಳ್ಳಿ, ಬಿಡಿಸುತ್ತ ಕೇಳು ಎಂದು ಒಂದು ಕತೆ ಹೇಳಿದರು.

ಒಬ್ಬ ಅಡುಗೆಯವಳು ದಾರಿ ತಪ್ಪಿದ್ದಳು.

ದಾರಿ ತಪ್ಪುವುದು ಅವಳಿಗೆ ಹೊಸದಲ್ಲ. ಸರ್ಕಸ್ ಕಂಪನಿಯೊಂದರಲ್ಲಿ ಎಂಬತ್ತು ಜನಕ್ಕೆ ಅನ್ನ ಬೇಯಿಸುತ್ತ ಕೊಚ್ಚಿಯಿಂದ ಗುವಾಹಟಿಯವರೆಗೆ ತಿರುಗಿದವಳು ಅವಳು. ಒಂದಕ್ಷರ ಭಾಷೆ ಬಾರದ ಊರುಗಳಲ್ಲಿ ಇಳಿದ ಅರ್ಧ ಗಂಟೆಗೆ ಸೌದೆ, ಉಪ್ಪು, ಹುಣಸೆಹಣ್ಣು ಹುಡುಕಿಕೊಂಡು ಬಂದವಳು. ಆದರೆ ಕನ್ನಡವನ್ನೇ ಮಾತಾಡುವ ಒಂದು ಸಣ್ಣ ಪಟ್ಟಣದಲ್ಲಿ, ಹಾಡಹಗಲೇ, ಒಂದೇ ಕೆರೆಯನ್ನು ಎರಡು ಸಲ ಸುತ್ತಿದ್ದು ಅವಳಿಗೂ ಅದೇ ಮೊದಲು.

ಮೊದಲನೆಯ ಸುತ್ತಿನಲ್ಲಿ ಅವಳು ಒಬ್ಬ ಸೈಕಲ್ ಅಂಗಡಿಯವನನ್ನು ಕೇಳಿದ್ದಳು.

“‘ಅಂಬಿಗರ ಹೆಣ್ಣು’ ಸಿನಿಮಾ ತೋರಿಸೋದು ಎಲ್ಲಪ್ಪ?”

“ಅಂಥ ಸಿನಿಮಾ ಈ ಊರಲ್ಲಿ ಇಲ್ಲಮ್ಮ. ‘ಮೊದಲ ದಡ’ ಅಂತ ಒಂದಿದೆ. ಅದನ್ನ ಕೇಳಿದರೆ ದಾರಿ ಹೇಳ್ತೀನಿ.”

ತನಗೆ ಬೇಕಾದದ್ದು ಅದಲ್ಲ ಎಂದುಕೊಂಡು ಅವಳು ಮುಂದೆ ನಡೆದಳು. ಕೆರೆ ಸುತ್ತಿ ಅದೇ ಅಂಗಡಿಯ ಮುಂದೆ ಬಂದಳು. ಎರಡನೆಯ ಸುತ್ತಿನಲ್ಲಿ, ಬುದ್ಧಿ ಉಪಯೋಗಿಸಿ, ಒಬ್ಬ ದರ್ಜಿಯನ್ನು ‘ಮೊದಲ ದಡ’ದ ದಾರಿ ಕೇಳಿದಳು. ದರ್ಜಿ ಕತ್ತರಿ ಕೆಳಗಿಟ್ಟ. ಆ ಹೆಸರು ಹೇಳುವವರಿಗೆ ತಾನು ದಾರಿ ಹೇಳುವುದಿರಲಿ, ಕುಡಿಯಲು ನೀರನ್ನೂ ಕೊಡುವುದಿಲ್ಲ ಎಂದ. ಹಾಗಾದರೆ ‘ಅಂಬಿಗರ ಹೆಣ್ಣು’ ಎಲ್ಲಿ ಎಂದು ಅವಳು ಕೇಳಿದ್ದೇ ತಡ, ಅವನು ನೀರು ಕೊಟ್ಟ, ಅಂಗಡಿಯ ಬಾಗಿಲು ಎಳೆದುಕೊಂಡು ತಾನೇ ಜೊತೆಗೆ ಹೊರಟ. ದಾರಿಯುದ್ದಕ್ಕೂ ವಿಷಯ ಹೇಳಿದ.

ಎರಡೂ ಒಂದೇ ಸಿನಿಮಾ. ಅದನ್ನು ಆ ಊರಿನ ಹೊಳೆಯಲ್ಲೇ ತೆಗೆದಿದ್ದರು. ಜನ ಸೇರಿದ ದೃಶ್ಯಗಳಲ್ಲಿ ಅರ್ಧ ಊರು ನಿಂತಿತ್ತು. ಆಗ ಅದರ ಹೆಸರು ‘ಅಂಬಿಗರ ಹೆಣ್ಣು’. ನಿರ್ದೇಶಕ ವರ್ಷಗಳ ನಂತರ ಅದೇ ಕತೆಯನ್ನು ಮುಂದುವರಿಸಿ ಇನ್ನೆರಡು ಸಿನಿಮಾ ಮಾಡಿದ. ಮೂರಕ್ಕೂ ಒಂದು ಸಂಬಂಧ ಕಾಣಲಿ ಎಂದು ಹಿಂದಿನದಕ್ಕೆ ‘ಮೊದಲ ದಡ’ ಎಂದು ಹೆಸರು ತಿದ್ದಿದ. ಬೇರೆ ಊರುಗಳು ತಿದ್ದಿಕೊಂಡವು. ಈ ಊರಿನ ಅಭಿಮಾನಿ ಸಂಘ ಎರಡಾಯಿತು.

ಅಡುಗೆಯವಳು ನಡು ದಾರಿಯಲ್ಲಿ ನಿಂತುಬಿಟ್ಟಳು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಟಾಕೀಸಿನ ಎದುರು, ‘ಮೊದಲ ದಡ’ ಎಂದು ಬರೀ ದಪ್ಪ ಅಕ್ಷರದಲ್ಲಿ ಬರೆದ ಪೋಸ್ಟರಿನ ಕೆಳಗೇ ನಿಂತು ಅವಳು ಚಹಾ ಕುಡಿದಿದ್ದಳು. ‘ಅಂಬಿಗರ ಹೆಣ್ಣು’ ಎಲ್ಲಾದರೂ ನಡೆಯುತ್ತಿದೆಯೇ ಎಂದು ಆ ಚಹಾದವನನ್ನೇ ವಿಚಾರಿಸಿಯೂ ಇದ್ದಳು.

ಅವಳಿಗೆ ಆ ಸಿನಿಮಾ ಬೇಕಾಗಿದ್ದದ್ದು ಒಂದು ಋಣಕ್ಕಾಗಿ.

ಇಪ್ಪತ್ತೆಂಟು ವರ್ಷದ ಹಿಂದೆ ಅವಳ ಸರ್ಕಸ್ಸು, ಈಗ ಅವಳು ದಾರಿ ತಪ್ಪಿದ ಇದೇ ಊರಿನಲ್ಲಿ ಒಂದು ತಿಂಗಳು ಬೀಡುಬಿಟ್ಟಿತ್ತು. ಆಗ ಒಬ್ಬ ಬೀಡಿ ಕಟ್ಟುವವಳ ಸ್ನೇಹವಾಯಿತು. ಸರ್ಕಸ್ಸಿಗೆ ರಜೆಯಿದ್ದ ಒಂದು ದಿನ ಇಬ್ಬರೂ ಸಿನಿಮಾ ಟೆಂಟಿಗೆ ಹೋಗಿ ‘ಅಂಬಿಗರ ಹೆಣ್ಣು’ ನೋಡಲು ಕುಳಿತರು. ದೋಣಿ ನಡೆಸುವ ಹೆಂಗಸೊಬ್ಬಳ ಕತೆ. ಎಂಟು ವರ್ಷದ ಹಿಂದೆ ಅವಳನ್ನು ಬಿಟ್ಟುಹೋದ ಗಂಡ ಆಚೆ ದಡಕ್ಕೆ ಬಂದು ನಿಂತಿದ್ದಾನೆ. ಹೊಳೆ ತುಂಬಿ ಹರಿಯುತ್ತಿದೆ. ಅವಳು ಈಚೆ ದಡದಲ್ಲಿ ಹುಟ್ಟು ಹಿಡಿದು ಕುಳಿತಿದ್ದಾಳೆ. ಅಷ್ಟರಲ್ಲಿ, ಮನೆಯಲ್ಲಿ ಮಗುವಿಗೆ ಜ್ವರ ಏರಿದೆ ಎಂದು ಪಕ್ಕದ ಮನೆಯವರು ಟೆಂಟಿಗೆ ಬಂದು ಬೀಡಿ ಕಟ್ಟುವವಳನ್ನು ಕರೆದರು. ಅವಳು ಏಳುತ್ತ, ಕೊನೆಯವರೆಗೂ ನೋಡಿ ಬಂದು ಹೇಳು, ನಿನ್ನ ಬಾಯಿಂದಲೇ ಕೇಳುತ್ತೇನೆ ಎಂದಳು. ಅಡುಗೆಯವಳು ಮಾತು ಕೊಟ್ಟಳು.

ಮಾತು ಕೊಟ್ಟು ನಿದ್ದೆ ಹೋದಳು. ಮುಂಜಾನೆಯಿಂದ ಒಲೆಯ ಮುಂದೆ ನಿಂತ ಮೈ. ಎಚ್ಚರವಾದಾಗ ದೀಪ ಹತ್ತಿತ್ತು, ಜನ ಚಾಪೆ ಸುತ್ತುತ್ತಿದ್ದರು. ಮರುದಿನ ಸರ್ಕಸ್ಸು ಊರು ಬಿಟ್ಟಿತು. ನಾಚಿಕೆಯಿಂದ ಅವಳು ಹೇಳದೆ ಹೊರಟಳು.

ಆಮೇಲೆ ಅವಳು ಎಲ್ಲೆಲ್ಲಿಂದಲೋ ಕಾರ್ಡು ಬರೆದಳು. ಆನೆ ಮರಿ ಹಾಕಿದ್ದನ್ನು ಬರೆದಳು, ಬ್ರಹ್ಮಪುತ್ರಾ ನದಿಯ ಅಗಲ ಬರೆದಳು, ಸಿನಿಮಾದ ಕೊನೆಯೊಂದನ್ನು ಬಿಟ್ಟು ಎಲ್ಲವನ್ನೂ ಬರೆದಳು. ಬೀಡಿ ಕಟ್ಟುವವಳೂ ಹಟದವಳು. ಮುಂದೆ ಸಂಘದವರು ವರ್ಷಕ್ಕೊಮ್ಮೆ ಆ ಸಿನಿಮಾ ತೋರಿಸತೊಡಗಿದಾಗಲೂ ಅವಳು ಹೋಗಲಿಲ್ಲ. ಹೇಳುತ್ತೇನೆಂದು ಹೋದವಳು ಬಂದು ಹೇಳಲಿ ಎಂದು ಕುಳಿತಳು. ಯಾರಾದರೂ ಕೊನೆಯ ಸುದ್ದಿ ಎತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಊರಿನವರಿಗೂ ಅದು ರೂಢಿಯಾಯಿತು. ಅವಳ ಮನೆಯ ಮುಂದೆ ಹಾದುಹೋಗುವಾಗ ಯಾರೂ ಆ ಸಿನಿಮಾದ ಮಾತಾಡುತ್ತಿರಲಿಲ್ಲ.

ದರ್ಜಿ ಅವಳನ್ನು ಹಳೆಯ ಹತ್ತಿ ಗಿರಣಿಯ ಗೋದಾಮಿಗೆ ಕರೆತಂದ. ಅಂದು ವರ್ಷದ ಪ್ರದರ್ಶನದ ದಿನ; ಆ ಸುದ್ದಿ ಕೇಳಿಯೇ ಅವಳು ಊರಿಗೆ ಬಂದಿದ್ದಳು. ಎಡಗಡೆ ಹಳೆಯ ಹೆಸರಿನವರು, ಬಲಗಡೆ ಹೊಸ ಹೆಸರಿನವರು. ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಖಾಲಿ.

ಆ ಊರಿನಲ್ಲಿ ಟೆಂಟಿನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಓದಲು ಬಾರದವರೇ ಹೆಚ್ಚಿದ್ದ ಕಾಲ ಅದು. ಮೊದಲು ತೆರೆಯ ಮೇಲೆ ಸಿನಿಮಾದ ಹೆಸರಿನ ಸ್ಲೈಡು ಬರುತ್ತಿತ್ತು. ಓದಬಲ್ಲ ಒಬ್ಬ ಅದನ್ನು ಓದುತ್ತಿದ್ದ, ಇಡೀ ಟೆಂಟು ಒಂದೇ ದನಿಯಲ್ಲಿ ಆ ಹೆಸರು ಕೂಗುತ್ತಿತ್ತು. ಕೂಗಿದ ಮೇಲೆಯೇ ಆಪರೇಟರ್ ರೀಲು ಬಿಡುತ್ತಿದ್ದ. ಈಗಲೂ ಅದೇ ಆಪರೇಟರ್, ಅದೇ ನಿಯಮ. ಹೆಸರು ಎರಡಾದಂದಿನಿಂದ ಅವನು ಸ್ಲೈಡು ಹಾಕುವುದನ್ನು ಬಿಟ್ಟಿದ್ದ. ಬಿಳಿಯ ತೆರೆಗೆ ಬೆಳಕು ಬಿಟ್ಟು, ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಜನ ಎರಡು ಹೆಸರು ಕೂಗುತ್ತಿದ್ದರು. ಅವನು ಕೈ ತೆಗೆಯುತ್ತಿದ್ದ. ಜಗಳವಾಗುತ್ತಿತ್ತು. ಎಲ್ಲರೂ ಮನೆಗೆ ಹೋಗುತ್ತಿದ್ದರು. ಹೀಗೆ ಹನ್ನೊಂದು ವರ್ಷ ಕಳೆದಿತ್ತು.

ಅಂದೂ ಹಾಗೇ ಆಯಿತು. ಎರಡು ಹೆಸರು ತೆರೆಗೆ ಬಡಿದು ಬಿದ್ದವು. ಆಪರೇಟರ್ ಕೈ ತೆಗೆದ. ಹೊಸ ಹೆಸರಿನವರ ಮುಖಂಡ ಒಬ್ಬ ದಿನಸಿ ವ್ಯಾಪಾರಿ. ಅವನು ನಿರ್ದೇಶಕನ ಸಹಿಯಿದ್ದ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ ತಂದಿದ್ದ. ಹೆತ್ತವನಿಗಿಂತ ದೊಡ್ಡವರು ನೀವಾ ಎಂದ. ಹಳೆಯ ಹೆಸರಿನವರ ಮುಖಂಡ ಒಬ್ಬ ಡ್ರಿಲ್ ಮೇಷ್ಟರು. ಮಗಳನ್ನು ಕೊಟ್ಟು ಕಳಿಸಿದ ಮೇಲೆ ಅಪ್ಪ ಬಂದು ನಮ್ಮ ಮನೆಯಲ್ಲಿ ನಾಮಕರಣ ಮಾಡುವುದು ಯಾವ ಊರಿನ ಪದ್ಧತಿ ಎಂದರು. ಇಬ್ಬರ ಮಕ್ಕಳಿಗೂ ಮದುವೆಯ ಮಾತಾಗಿ, ಲಗ್ನಪತ್ರಿಕೆ ಬರೆಯುವ ಹೊತ್ತಿನಲ್ಲಿ ಈ ಹೆಸರು ಅಡ್ಡ ಬಂದು ಮುರಿದುಬಿದ್ದಿತ್ತು. ಆದ್ದರಿಂದ ಮಾತು ಬೇಗ ಬೇರೆ ಕಡೆಗೆ ಹೊರಳಿತು.

ಅಡುಗೆಯವಳು ಬೆಂಚಿನ ಮೇಲೆ ಹತ್ತಿ ನಿಂತಳು. ಎಂಬತ್ತು ಜನರನ್ನು ಸಾಲಾಗಿ ಕೂರಿಸಿ ಬಡಿಸಿದ ಗಂಟಲು ಅದು.

“ಸಿನಿಮಾ ಬೇಡ ಬಿಡಿ. ಕೊನೆಗೆ ಅವಳು ಹೊಳೆ ದಾಟಿದಳೋ ಇಲ್ಲವೋ, ಯಾರಾದರೂ ಒಬ್ಬರು ಹೇಳಿ. ಬೀಡಿ ಕಟ್ಟೋಳಿಗೆ ನಾನು ಉತ್ತರ ಕೊಡಬೇಕು.”

ಬೀಡಿ ಕಟ್ಟುವವಳನ್ನು ಅರಿಯದವರು ಅಲ್ಲಿರಲಿಲ್ಲ. ಇಪ್ಪತ್ತೆಂಟು ವರ್ಷ ಅವಳು ಕಾದದ್ದು ಯಾರಿಗೆಂಬುದೂ ಗೊತ್ತಿತ್ತು. ಜಗಳಕ್ಕೆ ಎದ್ದು ನಿಂತಿದ್ದವರು ಕುಳಿತರು.

ವ್ಯಾಪಾರಿ ಗಂಟಲು ಸರಿಮಾಡಿಕೊಂಡು, ಅವಳು ದಾಟುವುದಿಲ್ಲ, ಹುಟ್ಟನ್ನು ನೀರಿಗೆ ಎಸೆದು ಮನೆಗೆ ಹೋಗುತ್ತಾಳೆ ಎಂದ. ಅವನ ಪಕ್ಷದವನೇ ಆದ ಸೈಕಲ್ ಅಂಗಡಿಯವನು, ಅಲ್ಲ, ಗಂಡನನ್ನು ಕರೆತರುತ್ತಾಳೆ, ಅತ್ತೆ ಆರತಿ ಎತ್ತುತ್ತಾಳೆ ಎಂದ. ಆರತಿ ಎರಡನೆಯ ಸಿನಿಮಾದ್ದು ಎಂದು ದರ್ಜಿ ನಕ್ಕ. ಇದರಲ್ಲಿ ದೋಣಿ ನಡು ಹೊಳೆಯಲ್ಲಿ ಮುಳುಗುತ್ತದೆ ಎಂದ. ಮುಳುಗುವುದು ಮೂರನೆಯದರಲ್ಲಿ ಎಂದರು ಡ್ರಿಲ್ ಮೇಷ್ಟರು. ಮತ್ತೆ ಇದರಲ್ಲಿ ಏನಾಗುತ್ತದೆ ಎಂದು ಯಾರೋ ಕೇಳಿದರು. ಮೇಷ್ಟರು ತಮ್ಮ ಕಡೆಯವರತ್ತ ತಿರುಗಿದರು; ಅವರಲ್ಲೂ ಆಗಲೇ ವಾದ ಹತ್ತಿತ್ತು. ಆ ಮಾತಿಗೆ ಎಡ ಬಲ ಎಂಬ ಪಕ್ಷಗಳಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೊನೆ. ಹೆಸರನ್ನು ಗಟ್ಟಿಯಾಗಿ ಹಿಡಿದುಕೊಂಡು ಹನ್ನೊಂದು ವರ್ಷದಲ್ಲಿ ಅವರು ಸಿನಿಮಾವನ್ನೇ ಕಳೆದುಕೊಂಡಿದ್ದರು. ಒಬ್ಬರ ಮುಖ ಒಬ್ಬರು ನೋಡಲಾರದೆ ಎಲ್ಲರೂ ತೆರೆಯನ್ನು ನೋಡಿದರು. ತೆರೆ ಬಿಳಿಯಾಗಿತ್ತು.

ರೀಲು ಬಿಡಪ್ಪ ಎಂದು ಯಾರೋ ಮೆಲ್ಲಗೆ ಹೇಳಿದರು. ಒಂದೇ ದನಿ ಬರಲಿ, ಬಿಡುತ್ತೇನೆ ಎಂದ ಆಪರೇಟರ್. ವ್ಯಾಪಾರಿ ಮೇಷ್ಟರನ್ನು ನೋಡಿದ, ಮೇಷ್ಟರು ವ್ಯಾಪಾರಿಯನ್ನು ನೋಡಿದರು. ಇಬ್ಬರ ಬಾಯಿಗೂ ಇನ್ನೊಬ್ಬರು ಹಿಡಿದ ಹೆಸರು ಬರಲಿಲ್ಲ.

“ಒಂದೇ ದನಿ ತಾನೆ? ನೀವೆಲ್ಲ ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ,” ಎಂದಳು ಅಡುಗೆಯವಳು.

ಅವಳು ಎರಡೂ ಕೈಗಳನ್ನು ಬಾಯಿಗೆ ಬೊಗಸೆ ಮಾಡಿ, ಆಚೆ ದಡದಲ್ಲಿ ನಿಂತವರು ಕೂಗುವ ಹಾಗೆ, ‘ಓ... ದೋಣೀ...’ ಎಂದು ಕೂಗಿದಳು. ಅದು ಆ ಸಿನಿಮಾದ ಹೆಸರಲ್ಲ. ಯಾವ ಸಿನಿಮಾದ ಹೆಸರೂ ಅಲ್ಲ. ಆಪರೇಟರ್ ಒಂದು ಗಳಿಗೆ ಯೋಚಿಸಿದ. ದನಿ ಮಾತ್ರ ಒಂದೇ ಇತ್ತು. ಅವನು ಸ್ವಿಚ್ಚು ಒತ್ತಿದ.

ಈ ಸಲ ಅವಳು ನಿದ್ದೆಗೆ ಅವಕಾಶ ಕೊಡಲಿಲ್ಲ. ಸೆರಗಿನಲ್ಲಿ ಕಟ್ಟಿ ತಂದಿದ್ದ ಕರಿಮೆಣಸನ್ನು ಒಂದೊಂದಾಗಿ ಕಚ್ಚುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ಕೊನೆಯ ರೀಲಿನ ಕೊನೆಯವರೆಗೂ ನೋಡಿದಳು. ಅಕ್ಕಪಕ್ಕದವರು ಅವಳಿಗೆ ಕತೆ ತಟ್ಟಿದೆ ಎಂದುಕೊಂಡರು. ತಟ್ಟಿಯೂ ಇತ್ತು.

ಹೊರಗೆ ಇನ್ನೂ ಬಿಸಿಲಿತ್ತು. ಬೀಡಿ ಕಟ್ಟುವವಳು ಹೊಸ್ತಿಲ ಬಳಿ ಮೊರ ಇಟ್ಟುಕೊಂಡು ಕುಳಿತಿದ್ದಳು. ಮಂಡಿ ಹಿಡಿದು ಈಗ ಏಳಲಾಗುತ್ತಿರಲಿಲ್ಲ. ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು. ಕ್ಷೇಮ ಸಮಾಚಾರ ಕೇಳಲಿಲ್ಲ. ಮೊರವನ್ನು ಪಕ್ಕಕ್ಕೆ ಎಳೆದು ಜಾಗ ಮಾಡಿದಳು.

“ಆವತ್ತು ನಾನು ನಿದ್ದೆ ಹೋಗಿದ್ದೆ ಕಣೇ,” ಎಂದಳು ಅಡುಗೆಯವಳು.

“ಗೊತ್ತು. ನಿನ್ನ ಗೊರಕೆ ಇಲ್ಲಿಗೆ ಕೇಳಿಸ್ತಿತ್ತು. ಹೇಳು, ಹೋದಳಾ?”

ಅಡುಗೆಯವಳು ಕುಳಿತು ಹೇಳಿದಳು. ಗಂಡ ಆಚೆ ದಡದಲ್ಲಿ ನಿಂತು ಕೂಗುತ್ತಾನೆ. ಹೊಳೆಯ ಸದ್ದಿಗೆ ಏನೆಂದು ಕೂಗಿದನೋ ಕೇಳಿಸುವುದಿಲ್ಲ. ಮುದ್ದಿನ ಹೆಸರು ಹಿಡಿದು ಕರೆದನೋ, ಬೈದನೋ, ಬರೀ ದೋಣಿಯೆಂದನೋ ತಿಳಿಯುವುದಿಲ್ಲ. ಯಾರೋ ಕರೆಯುತ್ತಿದ್ದಾರೆ ಎಂದಷ್ಟೇ ತಿಳಿಯುತ್ತದೆ. ಅವಳು ಏಳುತ್ತಾಳೆ. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ. ‘ಬಂದೆ’ ಎನ್ನುತ್ತಾಳೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ.

ಬೀಡಿ ಕಟ್ಟುವವಳು ಕೈಯಲ್ಲಿದ್ದ ಎಲೆಯನ್ನು ಸುತ್ತಿ, ದಾರ ಕಟ್ಟಿ, ಮೊರದಲ್ಲಿಟ್ಟಳು. ಅಷ್ಟು ಹೇಳಲು ನಿನಗೆ ಇಷ್ಟು ವರ್ಷ ಬೇಕಾಯಿತೇ ಎಂದು ಬೈದಳು. ಸಿನಿಮಾವನ್ನು ಯಾವ ಹೆಸರಿನಲ್ಲಿ ತೋರಿಸಿದರು ಎಂದು ಅವಳು ಕೇಳಲಿಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಡು, ಸಕ್ಕರೆ ಮೇಲಿನ ಗೂಡಿನಲ್ಲಿದೆ ಎಂದಳು. ಅಡುಗೆಯವಳು ಎದ್ದು ಒಳಗೆ ಹೋದಳು. ಋಣ ತೀರಿತ್ತು.

ಕತೆ ಮುಗಿಯುವ ಹೊತ್ತಿಗೆ ಸೊಪ್ಪೂ ಮುಗಿದಿತ್ತು. ಶಿಷ್ಯ ದಂಟುಗಳನ್ನು ಒಟ್ಟುಗೂಡಿಸುತ್ತ, ಕೊನೆಗೆ ಆ ಊರಿನವರು ಯಾವ ಹೆಸರನ್ನು ಉಳಿಸಿಕೊಂಡರು ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ಹೇಳಿದರು: “ನಿನ್ನ ತಾಯಿ ಹತ್ತೂವರೆಯ ಬಸ್ಸಿಗೆ ಹೋದಳೋ, ಇನ್ನೂ ಬಾಗಿಲಲ್ಲೇ ಇದ್ದಾಳೋ?”